ಜಗಳ ಬಿಡಿಸುವ ಡಬ್ಬಿ

“ಇದನ್ನ ಹಾಕಿದ್ರೆ ಜಗಳ ನಿಲ್ತದ?” ಗಾಜಿನ ಮೇಜಿನ ಮೇಲಿದ್ದ ಕಪ್ಪು ಡಬ್ಬಿಯನ್ನು ಕೈಯಲ್ಲೆತ್ತಿ ತೂಗಿ ನೋಡುತ್ತ ಮಾಸ್ತಿ ನಾಯ್ಕ ಕೇಳಿದ.

ಸಂಜಯ ನಕ್ಕ. ಕುಮಟಾ ಪೇಟೆಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಂದಿನಿಂದ ಇಂಥ ಗಿರಾಕಿ ಅವನಿಗೆ ಸಿಕ್ಕಿರಲಿಲ್ಲ. “ಜಗಳದ ಗ್ಯಾರಂಟಿ ನಾ ಕೊಡೂದಿಲ್ಲ ಮಾಸ್ತಣ್ಣ. ಮನೆಗೆ ಬರೋ ಇಂಟರ್ನೆಟ್ಟು ಒಂದೇ ಲೈನು, ಅದು ಎರಡು ಕಂಪ್ಯೂಟರಿಗೂ ಒಟ್ಟಿಗೇ ಹೋಗ್ತದೆ. ಅದಕ್ಕೆ ಗ್ಯಾರಂಟಿ. ನೀರಿನ ಪೈಪು ಎರಡು ಕಡೆ ಹೋಗೂಕೆ ಟೀ ಜಾಯಿಂಟು ಹಾಕೂದಿಲ್ವ, ಹಾಗೆ. ರೌಟರ್ ಅಂತ ಹೇಳ್ತಾರೆ ಇದಕ್ಕೆ.”

“ಒಂದು ನಲ್ಲಿ ತಿರುಗಿಸಿದ್ರೆ ಇನ್ನೊಂದರಲ್ಲಿ ನೀರು ಸಣ್ಣ ಆಗ್ತದಲ ಮತ್ತೆ?”

“ಸ್ವಲ್ಪ ಆಗ್ತದೆ. ಜಗಳ ಆಡುವಷ್ಟು ಆಗೂದಿಲ್ಲ.”

ಮಾಸ್ತಿಗೆ ಅಷ್ಟು ಸಾಕಿತ್ತು. ಅವನು ಕುಮಟಾದಿಂದ ಬೆಂಗಳೂರಿಗೆ ಹೋಗುವ ರಾತ್ರಿ ಬಸ್ಸಿನ ಡ್ರೈವರು. ಅವನಿಗೆ ನಿದ್ದೆಯೆಂದರೆ ಮಧ್ಯಾಹ್ನದ ಊಟವಾದ ಮೇಲಿನಿಂದ ದೇವರಿಗೆ ದೀಪ ಹಚ್ಚುವವರೆಗಿನದು. ಆ ನಿದ್ದೆಯ ಕೊನೆಯ ಪಾಲನ್ನು ಮಕ್ಕಳಿಬ್ಬರು ತಿಂದು ಹಾಕುತ್ತಿದ್ದರು. ದೊಡ್ಡವಳು ರೇಖಾ, ಪೇಟೆಯ ಖಾಸಗಿ ಶಾಲೆಯೊಂದರಲ್ಲಿ ಟೀಚರು. ಸಣ್ಣವಳು ಅಂಕಿತಾ, ಬಿಸಿಎ ಎರಡನೇ ವರ್ಷ. ಊರಿಗೆ ಬ್ರಾಡ್‌ಬ್ಯಾಂಡ್ ಬಂದು ಆಗಿನ್ನೂ ಹೆಚ್ಚು ಕಾಲವಾಗಿರಲಿಲ್ಲ. ಅಂಕಿತಾಳ ಓದಿಗೆಂದು ಕುಮಟಾದ ಚಿತ್ರಿಗಿಯಲ್ಲಿದ್ದ ಮನೆಯ ಹೊರಕೋಣೆಗೆ ಕಂಪ್ಯೂಟರೂ ಲೈನೂ ಬಂದ ದಿನದಿಂದ, ಸಂಜೆ ಇಬ್ಬರೂ ಬಂದು ಚಪ್ಪಲಿ ಬಿಟ್ಟರೆಂದರೆ ಶುರು.

“ಹತ್ತು ನಿಮಿಷ ಅಂದು ಕೂತವಳು ನೀ. ಏಳೇ.”

“ಅಸೈನ್‌ಮೆಂಟು ಅಕ್ಕ.”

“ಅಸೈನ್‌ಮೆಂಟಿನಲ್ಲಿ ಯಾವ ಹೀರೋ ಕುಣೀತಾನೆ?”

ಅದಾದ ಮೇಲೆ ಕುರ್ಚಿ ಎಳೆಯುವ ಸದ್ದು, ಒಬ್ಬಳ ಜಡೆ ಇನ್ನೊಬ್ಬಳ ಕೈಗೆ ಸಿಕ್ಕ ಸದ್ದು, ಅಡಿಗೆಮನೆಯಿಂದ ಹೊನ್ನಮ್ಮ ಸೌಟು ಹಿಡಿದು ಬಂದು ಇಬ್ಬರಿಗೂ ಬೈಯುವ ಸದ್ದು. ದೀಪಾವಳಿ ಕಳೆದು ರೇಖಾಳಿಗೆ ಮಂಕಿಯ ದಿನಕರನೊಡನೆ ನಿಶ್ಚಯವಾದ ಮೇಲಂತೂ ಜಗಳ ದಿನಕ್ಕೆರಡಾಯಿತು. ಹುಡುಗ ಪಣಜಿಯಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದ. ಮನೆಗಿದ್ದ ಒಂದೇ ಮೊಬೈಲು ಮಾಸ್ತಿಯ ಜೇಬಿನಲ್ಲಿ ಊರು ಸುತ್ತುತ್ತಿದ್ದುದರಿಂದ, ಆಫೀಸು ಬಿಟ್ಟ ಮೇಲೆ ಅವನು ರೇಖಾಳೊಡನೆ ಮಾತಾಡುತ್ತಿದ್ದುದು ಕಂಪ್ಯೂಟರಿನಲ್ಲೇ, ಟೈಪು ಮಾಡಿ. ಮದುವೆಗೆ ಇನ್ನು ನಾಲ್ಕು ತಿಂಗಳಿರುವ ಹುಡುಗಿ ತಂಗಿಯ ಕೈಕಾಲು ಹಿಡಿಯಬೇಕಾಗಿ ಬಂದದ್ದು ಮಾಸ್ತಿಗೆ ಸರಿ ಕಾಣಲಿಲ್ಲ.

ಹೊನ್ನಾವರದಲ್ಲಿ ಒಂದು ಸೈಬರ್ ಕೆಫೆ ಮುಚ್ಚಿದಾಗ ಅಲ್ಲಿಯದೊಂದು ಹಳೆಯ ಕಂಪ್ಯೂಟರನ್ನು ಅವನು ಬಸ್ಸಿನಲ್ಲೇ ಹೇರಿಕೊಂಡು ತಂದ. ಅದರ ಕೀಲಿಗಳ ಮೇಲಿನ ಅರ್ಧ ಅಕ್ಷರ ಊರವರ ಬೆರಳಿಗೆ ಸವೆದು ಹೋಗಿತ್ತು. ಸಂಜಯ ಬಂದು ಡಬ್ಬಿ ಕೂರಿಸಿದ. ಹೊರಕೋಣೆಯಿಂದ ಒಳಕೋಣೆಗೆ ವೈರನ್ನು ಮಾಡಿನ ಮರದ ಪಕಾಸಿಗೆ ಬಿಗಿದು ಎಳೆಯುವ ಕೆಲಸವನ್ನು ಮಾಸ್ತಿ ಬೇರೆಯವರಿಗೆ ಬಿಡಲಿಲ್ಲ. ತಾನೇ ಏಣಿ ಹತ್ತಿದ. ಮೈತುಂಬ ಜೇಡರ ಬಲೆ ಮಾಡಿಕೊಂಡು ಇಳಿದ. ಎರಡೂ ಪರದೆಯಲ್ಲಿ ಒಟ್ಟಿಗೇ ಇಂಟರ್ನೆಟ್ಟು ಬಂದಾಗ ಅಂಕಿತಾ ಅವನ ಬೆನ್ನಿಗೊಂದು ಹೊಡೆದು, “ಅಪ್ಪ, ನೀ ದೊಡ್ಡ ಮನುಷ್ಯ” ಎಂದಳು. ರೇಖಾ ಒಳಕೋಣೆಯ ಪರದೆಯನ್ನು ನೋಡುತ್ತ, “ಚಲೋ ಆತು ಅಪ್ಪ” ಎಂದಳು.

ಜಗಳ ನಿಂತಿತು. ಎರಡು ವಾರ ಮಾಸ್ತಿ ಡಿಪೋದಲ್ಲಿ ಸಿಕ್ಕಸಿಕ್ಕವರಿಗೆ ರೌಟರಿನ ಮಹಿಮೆ ಹೇಳಿದ. ಮಕ್ಕಳಿರುವ ಮನೆಗೆ ಫ್ರಿಜ್ಜಿಗಿಂತ ಮೊದಲು ಅದು ಬೇಕೆಂದು ಕಂಡಕ್ಟರ್ ವೆಂಕಟನಿಗೆ ಬುದ್ಧಿ ಹೇಳಿದ. ಆದರೆ ಅವನ ನಿದ್ದೆ ಮಾತ್ರ ಸುಧಾರಿಸಲಿಲ್ಲ. ಇಂಜಿನ್ನಿನ ಪಕ್ಕದಲ್ಲೇ ಅರ್ಧ ಆಯುಷ್ಯ ಕಳೆದವನಿಗೆ ಸಂಜೆಯ ಮನೆ ಇಷ್ಟು ಮೌನವಾಗಿರುವುದು ಹೊಂದಲಿಲ್ಲ. ಮಲಗಿದಲ್ಲೇ ಕಿವಿ ಕೊಡುತ್ತಿದ್ದ. ಹೊರಕೋಣೆಯಲ್ಲಿ ಅಂಕಿತಾ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಆಗಾಗ ಒಬ್ಬಳೇ ನಗುತ್ತಿದ್ದಳು. ಒಳಕೋಣೆಯಿಂದ ಕೀಲಿ ಒತ್ತುವ ಸದ್ದು ಬರುತ್ತಿತ್ತು, ನಿಲ್ಲುತ್ತಿತ್ತು, ತುಂಬ ಹೊತ್ತು ನಿಂತು ಮತ್ತೆ ಬರುತ್ತಿತ್ತು. ರೇಖಾಳ ನಗೆ ಕೇಳಿದ ನೆನಪಾಗಲಿಲ್ಲ.

“ಅವಳು ಉಣ್ಣೂದು ಕಮ್ಮಿ ಮಾಡಿದ್ದಾಳ ಹೆಂಗೆ?” ಎಂದು ಹೊನ್ನಮ್ಮನನ್ನು ಕೇಳಿದ.

“ಮದುವೆ ಹುಡುಗಿ. ಸೀರೆ ಉಟ್ರೆ ಚಂದ ಕಾಣ್ಬೇಕು ಅಂತ ಇರ್ತದೆ. ನೀವು ಎಂತಕ್ಕೆ ಅದನ್ನೆಲ್ಲ ನೋಡ್ತ್ರಿ?”

ಆ ಶನಿವಾರ ಮಾಸ್ತಿಗೆ ನಿದ್ದೆ ಬರಲೇ ಇಲ್ಲ. ಎದ್ದು ಮುಖ ತೊಳೆದು ಒಳಕೋಣೆಗೆ ಹೋದ. ರೇಖಾ ಕಂಪ್ಯೂಟರಿನ ಎದುರು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಶಾಲೆಯಿಂದ ಬಂದು ಸೀರೆಯನ್ನೂ ಬದಲಿಸಿರಲಿಲ್ಲ. ಡಾಕ್ಟರ ಬಾಗಿಲಲ್ಲಿ ತಮ್ಮ ಹೆಸರು ಕರೆಯುವುದನ್ನು ಕಾಯುವವರು ಕೂರುವ ಹಾಗಿತ್ತು ಆ ಕೂತದ್ದು.

“ನಂಗೂ ಎಂತಾದ್ರೂ ತೋರಿಸೆ. ವೈರು ಎಳೆದದ್ದಷ್ಟೇ ಬಂತು ನನ್ನ ಪಾಲಿಗೆ” ಎಂದು ಅವನು ಸ್ಟೂಲು ಎಳೆದು ಪಕ್ಕದಲ್ಲಿ ಕೂತ.

ರೇಖಾಳ ಮುಖ ಸ್ವಲ್ಪ ಸಡಿಲವಾಯಿತು. “ಎಂತ ಬೇಕು ಹೇಳು. ನಿನ್ನ ರಸ್ತೆ ನೋಡ್ತಿಯ? ಮೇಲಿಂದ ತೆಗೆದ ಫೋಟೋ ಸಿಗ್ತದೆ.”

ಚಿತ್ರ ಚೌಕ ಚೌಕವಾಗಿ ಮೆಲ್ಲನೆ ತುಂಬಿಕೊಂಡಿತು. ಮೊದಲು ಬರೀ ಹಸಿರು. ಆಮೇಲೆ ಹಸಿರಿನ ನಡುವೆ ಸುಣ್ಣದ ಗೆರೆಯಂಥದೊಂದು. ಮಾಸ್ತಿ ಬಗ್ಗಿ ನೋಡಿದ. “ದೇವಿಮನೆ ಘಾಟಿ ಅಲ್ದ ಇದು? ಇಗಾ, ಇಲ್ಲಿ ದೇವಸ್ಥಾನ. ಇಲ್ಲೇ ನಾವು ಗಾಡಿ ನಿಲ್ಲಿಸಿ ಕಾಯಿ ಒಡೆಸೂದು.” ಅವನ ದಪ್ಪ ಬೆರಳು ಪರದೆಯ ಮೇಲೆ ತಿರುವು ತಿರುವಾಗಿ ಏರತೊಡಗಿತು.

ಅಷ್ಟರಲ್ಲಿ ಪರದೆಯ ಮೂಲೆಯಲ್ಲೊಂದು ಸಣ್ಣ ಕಿಟಕಿ ಟಣ್ಣೆಂದು ಎದ್ದಿತು. ರೇಖಾ ಅದನ್ನು ಮುಚ್ಚಿದಳು. ಮತ್ತೆ ಎದ್ದಿತು. ಮತ್ತೆ.

“ಯಾರು, ದಿನಕರನ? ಮಾತಾಡು ಮಾತಾಡು. ನಾ ಹೋಗ್ತೆ.” ಮಾಸ್ತಿ ಏಳಹೋದ. ರೇಖಾ ಅವನ ತೋಳು ಹಿಡಿದಳು. ಸಣ್ಣವಳಿದ್ದಾಗ ಜಾತ್ರೆಯ ಗದ್ದಲದಲ್ಲಿ ಹಿಡಿಯುತ್ತಿದ್ದ ಹಾಗೆ, ಐದೂ ಬೆರಳಿನಿಂದ.

“ನೀ ಕೂತ್ಕೋ ಅಪ್ಪ.”

“ಎಂತ ಬರ್ದಿದ್ದಾನೆ?”

ಅವಳು ಓದಿ ಹೇಳಿದಳು. ಅದರಲ್ಲಿ ಭಾವವಿರಲಿಲ್ಲ, ಹಾಜರಿ ಕರೆದ ಹಾಗಿತ್ತು. “‘ಬಂದೆಯ?’ ‘ಶಾಲೆ ಬಿಟ್ಟು ಇಷ್ಟು ಹೊತ್ತಾಯಿತು.’ ‘ಯಾರ ಹತ್ರ ಮಾತಾಡ್ತಾ ಇದ್ದಿ?’ ‘ಕ್ಯಾಮೆರಾ ಹಾಕು, ನೋಡ್ತೇನೆ.’”

“ದಿನಾ ಹೀಗೇ?”

“ಹ್ಞೂ.”

ಹಿತ್ತಿಲಲ್ಲಿ ಹೊನ್ನಮ್ಮ ದನಕ್ಕೆ ಅಕ್ಕಚ್ಚು ಇಡುತ್ತಿದ್ದ ಸದ್ದು ಕೇಳಿಸಿತು. ರೇಖಾ ಮುಂದುವರಿಸಿದಳು. ಶಾಲೆಯ ವಾರ್ಷಿಕೋತ್ಸವದ ಫೋಟೋ ಕಳಿಸಿದಾಗ, ಡ್ರಾಯಿಂಗ್ ಮಾಸ್ತರರ ಪಕ್ಕ ಯಾಕೆ ನಿಂತೆ ಎಂದು ಅವನು ಮೂರು ಸಂಜೆ ಕೇಳಿದ್ದ. ಯಾವ ಬಸ್ಸಿಗೆ ಬಂದೆ, ಪಕ್ಕದಲ್ಲಿ ಯಾರು ಕೂತಿದ್ದರು, ಅಂಗಡಿಗೆ ಯಾಕೆ ಹೋದೆ. ಉತ್ತರ ತಡವಾದರೆ, ಯಾಕೆ ತಡ.

“ಬೈತಾನ?”

“ಇಲ್ಲ ಅಪ್ಪ. ಒಂದು ಸಲನೂ ಬೈದಿಲ್ಲ. ಅದಕ್ಕೇ ಯಾರ ಹತ್ರನೂ ಹೇಳೂಕೆ ಆಗ್ಲಿಲ್ಲ. ಎಂತ ಅಂತ ಹೇಳೂದು?” ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. “ಮೊದ್ಲು ಒಂದೇ ಕಂಪ್ಯೂಟರಿತ್ತು. ಅಂಕಿತಾ ಏಳ್ತಾ ಇಲ್ಲ, ಅಂತ ಒಂದು ಮಾತು ಬರ್ದು ಎದ್ದು ಬರ್ತಿದ್ದೆ. ಅವಳು ಜಗಳ ಮಾಡ್ದಿದ್ರೆ ನಾನೇ ಶುರು ಮಾಡ್ತಿದ್ದೆ. ಈಗ ಎಂತ ಹೇಳ್ಲಿ? ನೀ ಎರಡನೇದು ಹಾಕ್ಸಿದ್ದನ್ನ ಅವನಿಗೆ ನಾನೇ ಹೇಳಿದ್ದೆ, ಮೊದಲ್ನೇ ದಿನವೇ.”

ಮಾಸ್ತಿ ಪಕಾಸಿನ ಮೇಲೆ ತಾನೇ ಬಿಗಿದ ವೈರನ್ನು ನೋಡಿದ. ಅಳತೆಗೆ ಸರಿಯಾಗಿ, ಎಲ್ಲೂ ಜೋಲು ಬೀಳದ ಹಾಗೆ ಕಟ್ಟಿದ್ದ. ಪರದೆಯಲ್ಲಿ ಘಾಟಿಯ ಚಿತ್ರ ಇನ್ನೂ ತೆರೆದೇ ಇತ್ತು.

“ಈ ತಿರುವಿನಲ್ಲಿ ಕೆಲವರು ಬೆನ್ನಿಗೇ ಬರ್ತಾರೆ. ಹಾರನ್ ಹಾಕ್ತಾನೇ ಇರ್ತಾರೆ” ಎಂದು ಅವನು ಕೊನೆಗೆ ಹೇಳಿದ. “ಗುದ್ದೂದಿಲ್ಲ, ಬೈಯೂದಿಲ್ಲ. ಆದ್ರೆ ಸ್ಟೇರಿಂಗ್ ಹಿಡಿದವನ ಕೈ ಬೆವರ್ತದೆ. ನಂಗೆ ಗೊತ್ತು ಅದು.”

ಕಿಟಕಿ ಮತ್ತೆ ಟಣ್ಣೆಂದಿತು.

“ಅಪ್ಪ ಪಕ್ಕದಲ್ಲಿ ಕೂತಿದ್ದಾರೆ ಅಂತ ಬರಿ.”

ರೇಖಾ ಬರೆದಳು. ಪಣಜಿಯ ಕಡೆಯಿಂದ ಸ್ವಲ್ಪ ಹೊತ್ತು ಏನೂ ಬರಲಿಲ್ಲ. ಆಮೇಲೆ ಬಂತು: ‘ಮಾವನವರಿಗೆ ನಮಸ್ಕಾರ ತಿಳಿಸು. ಆರೋಗ್ಯವೇ? ಡ್ಯೂಟಿ ಹೇಗಿದೆ?’

“ಚಲೋ ಹುಡುಗ” ಎಂದ ಮಾಸ್ತಿ. ಅವನು ನಗುತ್ತಿರಲಿಲ್ಲ.

ಬಾಗಿಲಲ್ಲಿ ಅಂಕಿತಾ ನಿಂತಿದ್ದಳು. ಹೆಡ್‌ಫೋನು ಕೊರಳಲ್ಲಿತ್ತು. ಎಷ್ಟು ಹೊತ್ತಿನಿಂದ ಕೇಳುತ್ತಿದ್ದಳೋ, ಮುಖ ಕೆಂಪಗಾಗಿತ್ತು. “ನಂಗೆ ಹೇಳೂಕೆ ಎಂತ ಆಗಿತ್ತೆ ನಿಂಗೆ?”

“ನೀ ಕಿವಿಗೆ ಅದನ್ನ ಸಿಕ್ಕಿಸ್ಕಂಡು ಕೂತಿರ್ತಿ.”

ಅಂಕಿತಾ ಬಂದು ಅಕ್ಕನ ಕುರ್ಚಿಯ ಅಂಚಿನಲ್ಲೇ ಜಾಗ ಮಾಡಿಕೊಂಡು ಕೂತಳು. ಕುರ್ಚಿ ಇಬ್ಬರಿಗೆ ಸಾಲುತ್ತಿರಲಿಲ್ಲ. ಇಬ್ಬರೂ ಹಾಗೇ ಕೂತಿದ್ದರು.

ಹೊನ್ನಮ್ಮನಿಗೆ ವಿಷಯ ತಿಳಿದಾಗ ಅವಳು ಮೊದಲು ನೆಲಕ್ಕೆ ಕೂತಳು. ನಿಶ್ಚಯಕ್ಕೆ ಬಂದವರ ಹೆಸರುಗಳನ್ನು ಒಂದೊಂದಾಗಿ ಹೇಳಿದಳು. ಇವರಿಗೆಲ್ಲ ಎಂತ ಹೇಳೂದು, ಮುಂದೆ ಸಣ್ಣವಳನ್ನು ಕೇಳಿಕೊಂಡು ಯಾರು ಬರ್ತಾರೆ, ಎಲ್ಲ ಗಂಡಸರೂ ಶುರುವಿಗೆ ಸ್ವಲ್ಪ ಹಾಗೇ, ಮಕ್ಕಳಾದ ಮೇಲೆ ಸರಿಯಾಗ್ತದೆ. ಎಲ್ಲ ಮುಗಿದ ಮೇಲೆ ಮಾಸ್ತಿ, “ಹೊನ್ನಿ, ಹುಡುಗಿ ಮಾತು ಕಮ್ಮಿ ಮಾಡಿದ್ದಾಳೆ. ಹೋದ ಮೇಲೆ ಪೂರ್ತಿ ಬಿಡ್ತಾಳೆ” ಎಂದ. ಹೊನ್ನಮ್ಮ ಸೆರಗಿನಲ್ಲಿ ಮೂಗೊರಸಿಕೊಂಡು ಎದ್ದು, ಮಗಳ ತಟ್ಟೆಗೆ ಅವಳು ಬೇಡವೆಂದರೂ ಇನ್ನೊಂದು ಸೌಟು ಮೀನಿನ ಸಾರು ಬಡಿಸಿದಳು.

“ಮದುವೆ ಬೇಡ ಅಂತ ಅವನಿಗೆ ನಾನೇ ಬರಿತೆ. ಮನೆಯವರಿಗೆ ನೀವು ಹೇಳಿ” ಎಂದಳು ರೇಖಾ. ಮರುದಿನ ಬೆಳಿಗ್ಗೆ ಬರೆದಳು. ಅಂಕಿತಾ ಪಕ್ಕದಲ್ಲಿ ಕೂತು ಇನ್ನೂ ಖಾರವಾಗಿ ಬರೆಯಲು ಹೇಳಿಕೊಡುತ್ತಿದ್ದಳು. ರೇಖಾ ತನಗೆ ಬೇಕಾದಷ್ಟನ್ನೇ ಬರೆದು ಕಳಿಸಿ ಕಂಪ್ಯೂಟರ್ ಆರಿಸಿದಳು.

ವಾರದ ರಜೆಗೆ ಗಂಡಹೆಂಡತಿ ನಿಶ್ಚಯದ ಸೀರೆ, ಉಂಗುರ ಹಿಡಿದುಕೊಂಡು ಮಂಕಿಗೆ ಹೋದರು. ದಿನಕರನ ಅಪ್ಪ ಶನಿಯಾರ ನಾಯ್ಕ ಜಗಲಿಯಲ್ಲಿ ತೆಂಗಿನಕಾಯಿ ಸುಲಿಸುತ್ತಿದ್ದ. ಮಗನ ಫೋನು ಆಗಲೇ ಬಂದಿತ್ತು. ಆದರೂ ಬಂದವರಿಗೆ ಚಾಪೆ ಹಾಸಿದ.

“ನಮ್ಮ ಹುಡುಗ ಎಂತ ತಪ್ಪು ಮಾಡಿದ ಹೇಳಿ. ಕುಡೀತಾನ? ಇಸ್ಪೀಟಾಡ್ತಾನ?”

“ಅಂಥದ್ದು ಎಂತ ಇಲ್ಲ. ನಮ್ಮ ಹುಡುಗಿಗೆ ಮನಸ್ಸಿಲ್ಲ. ನಮ್ಮದೇ ತಪ್ಪು ಅಂತ ಇಟ್ಕೊಳಿ” ಎಂದ ಮಾಸ್ತಿ. ಕೈ ಮುಗಿದ. ಶನಿಯಾರ ಮತ್ತೆ ಮತ್ತೆ ಕೇಳಿದ. ಮಾಸ್ತಿ ಮತ್ತೆ ಮತ್ತೆ ಅದನ್ನೇ ಹೇಳಿದ.

ದಿನಕರನ ತಾಯಿ ಹನುಮಕ್ಕ ಹೊನ್ನಮ್ಮನನ್ನು ಒಳಗೆ ಕರೆದು ಮಜ್ಜಿಗೆ ಕೊಟ್ಟಳು. ಸೀರೆಯ ಗಂಟನ್ನು ತೆಗೆದುಕೊಂಡು, ಬಿಚ್ಚಿಯೂ ನೋಡದೆ ಗೋಡೆಯ ಮಾಡದಲ್ಲಿಟ್ಟಳು. ಬೈಗುಳಕ್ಕೆ ತಯಾರಾಗಿ ಬಂದಿದ್ದ ಹೊನ್ನಮ್ಮನಿಗೆ ಲೋಟ ಎಲ್ಲಿಡಬೇಕೆಂದು ತಿಳಿಯಲಿಲ್ಲ.

“ನಿಮ್ಮ ಹುಡುಗಿ ಬಾಯಿಬಿಟ್ಟು ಹೇಳಿದಳಲ” ಎಂದಳು ಹನುಮಕ್ಕ. ದನಿ ಒಲೆಯಾಚೆ ದಾಟುವಂತಿರಲಿಲ್ಲ. “ಹುಡುಗ ಫೋನಿನಲ್ಲಿ ಹೇಳಿದ. ಅಪ್ಪನ ಹತ್ರ ಹೇಳಿದಳಂತೆ. ಅಪ್ಪ ಕಿವಿಗೊಟ್ಟು ಕೇಳಿದರಂತೆ.”

“ಹೌದು.”

“ಚಲೋ ಆತು.”

“ಹನ್ಮಿ,” ಜಗಲಿಯಿಂದ ಶನಿಯಾರ ಕೂಗಿದ. “ಒಳಗೆ ಯಾರ ಹತ್ರ ಎಂತ ಮಾತು ಅಷ್ಟೊತ್ತಿನಿಂದ?”

“ಎಂತ ಇಲ್ಲ. ಮಜ್ಜಿಗೆ ಕೊಡ್ತಿದ್ದೆ” ಎಂದು ಅವಳು ಕೂಡಲೇ ಉತ್ತರ ಕೊಟ್ಟಳು. ಉತ್ತರ ಕೊಡುವಾಗ ಸೆರಗು ಸರಿಮಾಡಿಕೊಂಡಳು. ಆಮೇಲೆ ಹಿಂಬಾಗಿಲಿನಿಂದ ಇಳಿದು ಹೋಗಿ, ತಾನೇ ಬೆಳಿಗ್ಗೆ ಕಟ್ಟಿಟ್ಟಿದ್ದ ಎರಡು ದಂಡೆ ಮಲ್ಲಿಗೆಯನ್ನು ಬಾಳೆಯೆಲೆಯಲ್ಲಿ ಸುತ್ತಿ ತಂದು ಹೊನ್ನಮ್ಮನ ಕೈಗಿತ್ತಳು. “ಹುಡುಗಿಯರಿಗೆ” ಎಂದಳು.

ಬಸ್ಸಿನಲ್ಲಿ ಹೊನ್ನಮ್ಮನಿಗೆ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಎಲೆಯ ಪೊಟ್ಟಣವನ್ನು ಅವಳು ಮಡಿಲಲ್ಲಿಟ್ಟುಕೊಂಡಳು. ಒಳಗೆ ಏನು ಮಾತಾಯಿತೆಂದು ಕೇಳಲು ಮಾಸ್ತಿ ಬಾಯಿ ತೆರೆದವನು, ಜಗಲಿಯಿಂದ ಶನಿಯಾರ ಕೂಗಿದ್ದು ನೆನಪಾಗಿ ಕೇಳದೆ ಬಿಟ್ಟ. ಬಸ್ಸು ಶರಾವತಿಯ ಸೇತುವೆ ಹತ್ತಿತು. ಕೆಳಗೆ ಅಗಲಕ್ಕೆ ಹರಡಿದ ನೀರು, ಇಳಿಬಿಸಿಲು, ದಡಕ್ಕೆ ಮರಳುತ್ತಿದ್ದ ಒಂದು ದೋಣಿ. ಹೊನ್ನಮ್ಮ ಪೊಟ್ಟಣದ ಬಾಯಿ ಬಿಚ್ಚಿ, ಬಾಟಲಿಯಿಂದ ಅಂಗೈಗೆ ಸ್ವಲ್ಪ ನೀರು ಸುರಿದುಕೊಂಡು ಮೊಗ್ಗುಗಳ ಮೇಲೆ ಚಿಮುಕಿಸಿದಳು. ಕುಮಟಾ ಇನ್ನೂ ದೂರವಿತ್ತು. ಅವಳು ಎಲೆಯನ್ನು ಮತ್ತೆ ಮಡಚಿ, ಗಾಳಿ ತಾಗದ ಹಾಗೆ ಎರಡೂ ಕೈ ಮುಚ್ಚಿ ಹಿಡಿದುಕೊಂಡಳು.