ಮುಟ್ಟಬಾರದ ದೊರೆ

ನನ್ನ ಗಂಡ ಅಂಪೋಫೊ ಕುಮಾಸಿ ಪಟ್ಟಣದಲ್ಲಿ ಮೂವತ್ತು ವರ್ಷ ಟೊಮೇಟೊ ವ್ಯಾನು ಓಡಿಸಿದವನು. ರಕ್ತದ ಕ್ಯಾನ್ಸರ್ ಬಂತು. ಅದರ ಔಷಧಿ ಮೈಯ ಕಾವಲನ್ನೆಲ್ಲ ತೆಗೆದುಹಾಕಿತು. ಹೊತ್ತು ನೋಡಿ ಒಂದು ಹಟಮಾರಿ ಬ್ಯಾಕ್ಟೀರಿಯಾ ಒಳಗೆ ಸೇರಿತು. ಮೂರು ಆಂಟಿಬಯಾಟಿಕ್ ಕೊಟ್ಟರೂ ಜಗ್ಗಲಿಲ್ಲ.

"ಇನ್ನು ಉಳಿದಿರೋದು ಇದೊಂದೇ ಔಷಧಿ," ಎಂದಳು ನರ್ಸ್ ಫ್ರೆಮಾ. "ಇವರನ್ನ ಯಾರೂ ಮುಟ್ಟಬಾರ್ದು. ಇನ್ನೊಂದು ಸೋಂಕು ಬಂದ್ರೆ ಇವರು ತಡ್ಕೊಳಲ್ಲ."

ಅದೇ ದಿನ ಊರಿಂದ ನನ್ನ ಗಂಡನ ಸೋದರಮಾವ, ಬದು ಅನ್ನುವವರು, ಆಸ್ಪತ್ರೆಗೆ ಬಂದರು, ಹಿಂದೆ ಏಳು ಜನ ನೆಂಟರು. ನಮ್ಮಲ್ಲಿ ಬಂದವರು ಬಲಗಡೆಯಿಂದ ಶುರುಮಾಡಿ ಎಲ್ಲರ ಕೈ ಕುಲುಕಬೇಕು. ಸಾವಿನ ಮನೆಯಲ್ಲಿ ಕೈ ಕುಲುಕದ ಸ್ವಂತ ತಮ್ಮನ ಜೊತೆ ಈ ಮಾವ ಹನ್ನೊಂದು ವರ್ಷದಿಂದ ಮಾತು ಬಿಟ್ಟಿದ್ದಾರೆ.

"ಇವನನ್ನ ಎತ್ತಿ ಆಡಿಸಿದ ಕೈ ಕಣಮ್ಮ ಇದು," ಎಂದು ಬಾಗಿಲಲ್ಲೇ ಗುಡುಗಿದರು.

"ಆ ಕೈಲಿ ಏನೇನು ಹರಿದಾಡ್ತಿದೆ ಅಂತ ತೋರಿಸ್ಲಾ ತಾತ?" ಎಂದಳು ಫ್ರೆಮಾ.

ಬೆಂಕಿಗೆ ತುಪ್ಪ ಸುರಿದಳು ಪುಣ್ಯಾತ್ಗಿತ್ತಿ. ಗಾಬರಿಯಲ್ಲಿ ನನ್ನ ಬಾಯಿಗೆ ಬಂದದ್ದು ಇಷ್ಟೇ: "ಮಾವ, ಇವತ್ತು ಇವರು ದೊರೆ."

ನಮ್ಮಲ್ಲಿ ದೊರೆಯ ಕೈಯನ್ನು ಯಾರೂ ತಾವಾಗಿ ಹಿಡಿಯುವುದಿಲ್ಲ. ದೊರೆ ನೇರವಾಗಿ ಮಾತಾಡುವುದೂ ಇಲ್ಲ. ವಕ್ತಾರ ಆ ಮಾತನ್ನು ಚಂದಮಾಡಿ ಸಭೆಗೆ ಹೇಳುತ್ತಾನೆ.

"ಯಾವುದಕ್ಕೆ ದೊರೆ, ಟೊಮೇಟೊಗಾ?" ಎಂದರು ಮಾವ. ನೆಂಟರೆಲ್ಲ ನಕ್ಕರು. ಮಾವನೂ ನಕ್ಕು, ದೊರೆಯ ಮುಂದಿನ ಪದ್ಧತಿಯಂತೆ ಹೆಗಲ ಬಟ್ಟೆ ಇಳಿಸಿ ಚಪ್ಪಲಿ ಬಿಡಹೋದರು.

"ಆಸ್ಪತ್ರೆ ನೆಲ ಇದು, ಹಾಕ್ಕೊಳ್ಳಿ," ಎಂದು ಫ್ರೆಮಾ ಗದರಿದಳು. ಖಾಲಿ ಡ್ರಿಪ್ ಕಂಬವನ್ನು ದೊರೆಯ ವಕ್ತಾರನ ಕೋಲಿನ ಹಾಗೆ ಹಿಡಿದು ಬಾಗಿಲಿಗೆ ಅಡ್ಡ ನಿಂತಳು.

"ದೊರೆಗೆ ಊಟ ಸೇರುತ್ತಾ, ಕೇಳಮ್ಮ," ಎಂದರು ಮಾವ ಅವಳಿಗೆ.

"ಗಂಜಿಗೆ ಉಪ್ಪೇ ಇಲ್ಲ ಅನ್ನು," ಎಂದ ನನ್ನ ಗಂಡ ಹಾಸಿಗೆಯಿಂದ.

"ದೊರೆಗಳು ಇಲ್ಲಿನ ಅಡುಗೆಯನ್ನು ಮೆಚ್ಚಿದ್ದಾರೆ," ಎಂದಳು ಫ್ರೆಮಾ.

"ಊರಿಗೆ ಯಾವಾಗ ಬರ್ತಾರಂತೆ?"

ಅವನು ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡ. "ನಂಗೆ ಭಯ ಆಗ್ತಿದೆ ಅನ್ನು."

ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಆ ಮಾತನ್ನು ಅವನು ನನಗೂ ಹೇಳಿದವನಲ್ಲ.

ಫ್ರೆಮಾ ಕಂಬವನ್ನು ನೆಟ್ಟಗೆ ಹಿಡಿದಳು. "ದೊರೆಗಳು ಬೇಗ ಬರ್ತಾರಂತೆ."

ಮಾವ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

"ನಮ್ಮ ಕಿವಿ ಚೆನ್ನಾಗೇ ಇದೆ ವಕ್ತಾರಮ್ಮ. ದೊರೆಗೆ ಹೇಳು, ನಮಗೂ ಭಯಾನೇ. ಅದಕ್ಕೇ ಎಂಟು ಜನ ಬಂದ್ವಿ."