ಹಿರಿಮಗನ ಹೆಗಲು

ಸತ್ತ ಗಂಡನ ಕಣ್ಣು ಮುಚ್ಚಿಸಿ ತಶೀರಾ ಇನ್ನೂ ಕೈ ತೆಗೆದಿರಲಿಲ್ಲ, ಪೂಜಾರಿ ಉಜರ್ ಹೊಸ್ತಿಲು ದಾಟಿ ಬಂದೇಬಿಟ್ಟ. ಅವಳಿಗೆ ಸಮಾಧಾನ ಹೇಳುವುದಕ್ಕಲ್ಲ. ಒಲೆಯ ಪಕ್ಕದ ಗೂಡಿನಲ್ಲಿ ಕೂತಿದ್ದ ಮರದ ಓರ್ಮಾತ್ ದೇವರನ್ನು ಎತ್ತಿಕೊಂಡು ಹೋಗುವುದಕ್ಕೆ.

"ಅಳಬೇಡ ತಾಯಿ, ತಡ್ಕೋ. ದೇವರನ್ನ ಹಿತ್ತಲಿಂದ ಆಚೆ ಸಾಗಿಸಿಬಿಡ್ತೀನಿ. ಆಮೇಲೆ ಎಷ್ಟು ಬೇಕೋ ಅಷ್ಟು ಅತ್ಕೋ."

ಉಪ್ಪಿನ ಬಯಲಿನ ಆ ಊರಲ್ಲಿ ದೇವರಿಗೆ ಗುಡಿಯಿಲ್ಲ. ವರ್ಷಕ್ಕೊಂದು ಮನೆಯಲ್ಲಿರುತ್ತಾನೆ, ಇರುವಷ್ಟು ದಿನ ಆ ಮನೆಯ ಹಿರಿಮಗ. ಮೊದಲ ರೊಟ್ಟಿ ಅವನಿಗೆ, ಬೆಚ್ಚಗಿನ ಜಾಗ ಅವನಿಗೆ. ಅಳು ಮಾತ್ರ ಅವನ ಕಿವಿಗೆ ಬೀಳಕೂಡದು. ಬಿದ್ದರೆ ಊರ ಬಾವಿಗಳೆಲ್ಲ ಉಪ್ಪಾಗುತ್ತವಂತೆ. ಉಪ್ಪಾದದ್ದನ್ನು ಕಂಡವರಿಲ್ಲ, ಪೂಜಾರಿಗಳು ಹೇಳಿದ್ದನ್ನು ನಂಬಿದವರೇ ಎಲ್ಲ.

ತಶೀರಾಗೆ ಮಕ್ಕಳಿರಲಿಲ್ಲ. ಹಾಗಾಗಿ ಆ ಮರದ ಗೊಂಬೆಗೆ ಗಂಡ ಹೆಂಡತಿ ಮಾಡಿದ ಮುದ್ದು ಅಷ್ಟಿಷ್ಟಲ್ಲ. ಜ್ವರದಲ್ಲಿ ಗಡಗಡ ನಡುಗುವಾಗಲೂ ಗಂಡ ಬೆಲ್ಕಾನ್, "ಕಂಬಳಿ ಅವನಿಗೆ ಹೊದಿಸೇ, ಪಾಪ" ಎಂದಿದ್ದ. ಅವಳು ಹೊದಿಸಿದ್ದಳು ಕೂಡ. ಈಗ ಅದು ನೆನಪಾಗಿ ಅವಳ ಮೈಯೆಲ್ಲ ಉರಿಯಿತು.

"ಹೆಣದ ತಲೆಕಡೆ ಹೆಗಲು ಕೊಡೋರು ಯಾರು ಪೂಜಾರಪ್ಪ?"

"ಮಗ ಕೊಡಬೇಕು. ಮಗ ಇಲ್ದೋರನ್ನ ಚಾಪೆ ಮೇಲೆ ಎಳ್ಕೊಂಡು ಹೋಗೋದು. ನಿಂಗೇನು ಗೊತ್ತಿಲ್ವಾ?"

"ಮಗ ಇದಾನಲ್ಲ!" ಅವಳು ಗೂಡಿನತ್ತ ಕೈ ತೋರಿಸಿದಳು.

"ಹುಚ್ಚು ಹಿಡೀತಾ ನಿಂಗೆ? ಅದು ಬಾಯಿಮಾತಿಗೆ ಅನ್ನೋದು."

"ರೊಟ್ಟಿನೂ ನಾನು ಬಾಯಿಮಾತಿಗೇ ಹಾಕಿದ್ನಾ? ಈ ಮನೇಲಿ ಕೂತು ತಿಂದಿದ್ದೀರಲ್ಲ, ನೀವೂ, ಅವನೂ! ಊಟಕ್ಕೆ ಮುಂದೆ, ಹೆಣ ಹೊರೋಕೆ ಹಿತ್ತಲ ಬಾಗಿಲು! ಇಂಥ ಮಗನ್ನ ಊರಲ್ಲಿ ಏನಂತ ಕರೀತಾರೆ, ಹೇಳಿ ನೋಡೋಣ?"

ಅವನು ಗೂಡಿಗೆ ಕೈ ಹಾಕುವಷ್ಟರಲ್ಲಿ ತಶೀರಾ ದೇವರನ್ನು ಸೆಳೆದುಕೊಂಡು, ಅದೇ ಕಂಬಳಿಯಿಂದ ತನ್ನ ಹೆಗಲಿಗೆ ಬಿಗಿದು ಕಟ್ಟಿಕೊಂಡಳು. ಗಂಡನನ್ನು ನಾಯಿಯ ಹಾಗೆ ಎಳೆಸುವುದಿಲ್ಲ, ಬಾವಿ ಉಪ್ಪಾದರೆ ಆಗಲಿ.

ಉಜರನ ಕೂಗಿಗೆ ಬೀದಿಯವರೆಲ್ಲ ಸೇರಿದರು. ಮುಂದೆ ಬಂದವಳು ಪಕ್ಕದ ಮನೆಯ ಮಿರೋಬ ಒಬ್ಬಳೇ. ಅವಳ ಮನೆಯಲ್ಲಿ ದೇವರಿದ್ದ ವರ್ಷ ಅವಳ ಹಸುಗೂಸು ಸತ್ತಿತ್ತು. ದೇವರು ಬೀದಿ ದಾಟುವತನಕ ಇದೇ ಉಜರ್ ಅವಳ ಬಾಯಿಗೆ ಬಟ್ಟೆ ತುರುಕಿಸಿದ್ದ. ಆಮೇಲೆ ಅವಳಿಗೆ ಅಳು ಬರಲೇ ಇಲ್ಲ. ಮಿರೋಬ ತಶೀರಾ ಜೊತೆ ಸೇರಿ ಚಟ್ಟ ಕಟ್ಟಿ, ಅದರ ಒಂದು ಮೂಲೆ ಹಿಡಿದಳು. ಅದನ್ನು ನೋಡಿ, ಬೆಲ್ಕಾನನ ಜೊತೆ ಉಪ್ಪು ತೋಡುತ್ತಿದ್ದ ಇಬ್ಬರು ತಲೆ ತಗ್ಗಿಸಿಕೊಂಡು ಬಂದರು.

ತಲೆಕಡೆಯ ಗಳುವನ್ನು ತಶೀರಾ ದೇವರ ಮರದ ಹೆಗಲ ಮೇಲೆ ಇಟ್ಟುಕೊಂಡಳು. ಭಾರ ಹೊತ್ತವಳು ಅವಳೇ; ಅದೇನು ಹೊಸದಲ್ಲ. ದಾರಿಯುದ್ದಕ್ಕೂ ಪೂಜಾರಿ ಶಾಪ ಹಾಕುತ್ತ ಹಿಂದೆ ಬಂದ. ಅವಳು ಹಲ್ಲು ಕಚ್ಚಿಕೊಂಡು ನಡೆದಳು.

ಗುಂಡಿಯ ಬಳಿ ದೇವರನ್ನು ಬಿಚ್ಚಿ, ಬೆಲ್ಕಾನನ ಮುಖ ಕಾಣುವಂತೆ ನಿಲ್ಲಿಸಿದಳು. ಅವಳು ಅಳಲು ಹೊರಟದ್ದು ಕಂಡಿದ್ದೇ ತಡ, ಉಜರ್ ಓಡಿಬಂದು ಮಂಡಿಯೂರಿ, ದೇವರ ಎರಡೂ ಕಿವಿಗಳನ್ನು ಅಂಗೈಯಲ್ಲಿ ಒತ್ತಿ ಮುಚ್ಚಿದ.

"ಬೇಡ ತಾಯಿ! ಬಾವಿ ಕಣೇ, ಬಾವಿ!"

ಮಿರೋಬ ಅವನ ಕೈಗಳನ್ನು ಕಿತ್ತೆಸೆದಳು. "ತೆಗಿಯೋ ಕೈನ! ಮನೆಮಗ ಅಲ್ವಾ, ಕೇಳಿಸ್ಕೊಳ್ಳಲಿ!"

ತಶೀರಾ ಬಾಯಿಬಿಟ್ಟು ಅತ್ತಳು. ಅವಳ ಅಳು ಮುಗಿಯುವ ಮುಂಚೆಯೇ ಮಿರೋಬ ಶುರುಮಾಡಿದಳು, ಎಂದೋ ಸತ್ತ ತನ್ನ ಕೂಸಿನ ಹೆಸರು ಹಿಡಿದು.