ಮೊದಲ ಫೋಟೋದ ಟೊಪ್ಪಿ

2018ರ ಆಗಸ್ಟ್ 25, ಶನಿವಾರ, ಸಂಜೆ 4 ಗಂಟೆ 40 ನಿಮಿಷ. ಅಲಬಾಮಾದ ನಮ್ಮೂರ ಆಸ್ಪತ್ರೆಯಲ್ಲಿ ಆಗಷ್ಟೇ ನನ್ನ ಮಗ ಹುಟ್ಟಿದ್ದ. ಅಪ್ಪನ ಕೈಯಲ್ಲಿ ಹಾರ್ಲನ್ ಕಾಲೇಜಿನ ಕೆಂಪು ಟೊಪ್ಪಿ, ಮಾವನ ಕೈಯಲ್ಲಿ ಟ್ಯಾಲಿಸ್ ಕಾಲೇಜಿನ ನೀಲಿ ಟೊಪ್ಪಿ. ಮೊದಲ ಫೋಟೋದಲ್ಲಿ ಯಾವ ಟೊಪ್ಪಿಯೋ, ಮಗು ಜೀವನಪೂರ್ತಿ ಆ ತಂಡದ್ದು ಎಂಬುದು ಇಬ್ಬರ ನಂಬಿಕೆ. ಮುಂದಿನ ವಾರ ಅಮೆರಿಕನ್ ಫುಟ್‌ಬಾಲ್ ಋತು ಶುರು. ಯಾರ ತಂಡದ ರನ್ನಿಂಗ್ ಬ್ಯಾಕ್, ಅಂದರೆ ಚೆಂಡು ಹಿಡಿದು ಓಡುವ ಆಟಗಾರ, ಮೇಲೋ ಅವರ ಟೊಪ್ಪಿಯೇ ಹಾಕಬೇಕೆಂದು ಇಬ್ಬರೂ ಒಪ್ಪಿದ್ದರು.

“ನಮ್ಮ ಬೋಗ್ಸ್ ನಲವತ್ತು ಗಜಾನ 4.4 ಸೆಕೆಂಡಲ್ಲಿ ಓಡ್ತಾನೆ ಬೀಗರೇ. ನಿಮ್ಮೋನಿಗೆ 4.5 ಬೇಕು,” ಎಂದರು ಅಪ್ಪ.

“ಓಡಿ ಏನ್ ಬಂತು? ಕೈಯಲ್ಲಿ ಚೆಂಡೇ ನಿಲ್ಲಲ್ವಲ್ಲ! ಸೋಪು ಹಚ್ಕೊಂಡು ಬರ್ತಾನಾ?” ಎಂದರು ಮಾವ.

“ಅಪ್ಪ, ಬೋಗ್ಸ್‌ನ ಓಟ ಅಳೆದದ್ದು ಕೈಲಿ ಒತ್ತೋ ಗಡಿಯಾರದಲ್ಲಿ, ಮಾವನ ಕಡೆಯವನದ್ದು ಯಂತ್ರದಲ್ಲಿ. ಕೈಲಿ ಒತ್ತಿದ್ರೆ ಸಮಯ ಕಮ್ಮಿನೇ ಬರುತ್ತೆ. ಎರಡನ್ನೂ ಹೋಲಿಸೋಕೇ ಆಗಲ್ಲ!” ಎಂದು ನಾನು ಹಲ್ಲು ಕಚ್ಚಿ ಹೇಳಿದೆ.

“ಫಿಸಿಕ್ಸ್ ಮೇಷ್ಟ್ರು ಸುಮ್ನಿರಿ,” ಎಂದರು ಇಬ್ಬರೂ ಒಟ್ಟಿಗೆ.

“ಎರಡೂ ಇಲ್ಲಿ ಕೊಡ್ತೀರೋ ಇಲ್ವೋ?” ಹಾಸಿಗೆಯಿಂದ ನನ್ನ ಹೆಂಡತಿ ಲೀಆನ್ ಕೂಗಿದಳು.

ಒಂದೊಂದಾಗಿ ತೊಡಿಸಿ ನೋಡಿದಳು. ಎರಡೂ ಮಗುವಿನ ಗಲ್ಲದವರೆಗೆ ಜಾರಿದವು. ಇಬ್ಬರು ತಾತಂದಿರೂ ಒಂದು ವರ್ಷದ ಮಗುವಿನ ಅಳತೆಯದನ್ನು ತಂದಿದ್ದರು. ನರ್ಸ್ ಆಸ್ಪತ್ರೆಯ ಬಿಳಿ ಟೊಪ್ಪಿ ತೊಡಿಸಿ, ಆ ಮೊದಲ ಫೋಟೋ ತೆಗೆದು, ಟೇಪಿನಿಂದ ತಲೆಯನ್ನು ಅಳೆದಳು. ಸುತ್ತಳತೆ 34.5 ಸೆಂಟಿಮೀಟರ್. ಅಂದು ಸರಿಯಾಗಿ ಅಳೆದದ್ದು ಅದೊಂದನ್ನೇ.